ಅಮಿಲಾಯ್ಡ್ ಹೋಯಿತು, ನರಕೋಶದ ಸಾವು ನಿಲ್ಲಲಿಲ್ಲ: ಒಂದು ಆಲ್ಜೈಮರ್ ಪ್ರಕರಣ

ಹಿನ್ನೆಲೆ

67 ವರ್ಷದ ಮಹಿಳೆ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಗುರುತು ಸಿಗದಿರಲಿ ಎಂದು ವಯಸ್ಸು, ಕೆಲಸ, ಮನೆಯವರ ವಿವರಗಳನ್ನು ಬದಲಿಸಿದ್ದೇವೆ.

ಎರಡು ವರ್ಷದಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದ್ದರು. ಜೀವನವಿಡೀ ಲೆಕ್ಕ ನೋಡಿದವರು ಹೀಗೆ ಮಾಡಿದಾಗ ಮನೆಯವರಿಗೆ ಗಾಬರಿಯಾಯಿತು. ಮಾತು ಚೆನ್ನಾಗಿತ್ತು, ನಡಿಗೆ ಸರಿಯಿತ್ತು, ಹಳೆಯ ನೆನಪು ಗಟ್ಟಿಯಾಗಿತ್ತು. ಹೊಸದಾಗಿ ಹೇಳಿದ ವಿಷಯ ಮಾತ್ರ ಹತ್ತು ನಿಮಿಷದಲ್ಲಿ ಮಾಯ. ಸುಳಿವು ಕೊಟ್ಟರೂ ನೆನಪಿಗೆ ಬರುತ್ತಿರಲಿಲ್ಲ.

ಈ ಕೊನೆಯ ಮಾತನ್ನು ಗಮನಿಸಬೇಕು. ಸುಳಿವು ಕೊಟ್ಟಾಗ ನೆನಪಾದರೆ ವಿಷಯ ಒಳಗೆ ಇದೆ, ಹೊರಗೆ ತೆಗೆಯುವುದು ಕಷ್ಟವಾಗಿದೆ ಎಂದರ್ಥ. ಖಿನ್ನತೆಯಲ್ಲಿ, ನಿದ್ದೆಗೆಟ್ಟಾಗ ಹಾಗಾಗುತ್ತದೆ. ಸುಳಿವು ಕೊಟ್ಟರೂ ಬರದಿದ್ದರೆ ವಿಷಯ ಒಳಗೆ ಸೇರಿಯೇ ಇಲ್ಲ. ಹೊಸ ನೆನಪನ್ನು ಕೂಡಿಡುವ ಮೆದುಳಿನ ಭಾಗಗಳಾದ ಹಿಪ್ಪೊಕ್ಯಾಂಪಸ್ ಮತ್ತು ಅದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್ ಸೋತಾಗ ಹೀಗಾಗುತ್ತದೆ.

ಥೈರಾಯ್ಡ್, ಬಿ12, ಸಕ್ಕರೆ ಎಲ್ಲ ಸರಿಯಿತ್ತು. ಖಿನ್ನತೆ ಇರಲಿಲ್ಲ. ಮಾನಸಿಕ ಸಾಮರ್ಥ್ಯದ ಸರಳ ಪರೀಕ್ಷೆಯಾದ ಎಂಎಂಎಸ್ಇಯಲ್ಲಿ 30ಕ್ಕೆ 24 ಬಂತು. ಎಂಆರ್‌ಐನಲ್ಲಿ ಹಿಪ್ಪೊಕ್ಯಾಂಪಸ್ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಕುಗ್ಗಿತ್ತು. ಮೆದುಳಿನಲ್ಲಿ ಸೇರುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ 88 ಸೆಂಟಿಲಾಯ್ಡ್. ಈ ಅಳತೆಯಲ್ಲಿ ಆರೋಗ್ಯವಂತ ಯುವಕರ ಸರಾಸರಿಯನ್ನು 0 ಎಂದೂ, ಆಲ್ಜೈಮರ್ ರೋಗಿಗಳ ಸರಾಸರಿಯನ್ನು 100 ಎಂದೂ ಇಟ್ಟಿದ್ದಾರೆ. ಅಪೋಇ ಜೀನ್‌ನ ರೋಗದ ಅಪಾಯ ಹೆಚ್ಚಿಸುವ ಇ4 ರೂಪದ ಒಂದು ಪ್ರತಿ ಇತ್ತು. ರೋಗ ಯಾವುದು ಎಂಬ ಬಗ್ಗೆ ಸಂಶಯ ಉಳಿಯಲಿಲ್ಲ.

ಸಮಸ್ಯೆ

ಅಮಿಲಾಯ್ಡ್ ತೆಗೆಯುವ ಪ್ರತಿಕಾಯ ಔಷಧಿಯಾದ ಲೆಕಾನೆಮ್ಯಾಬ್ ಕೊಡಲು ಇಷ್ಟು ಸಾಕಿತ್ತು. ಆದರೂ ತಂಡ, ನರಕೋಶದೊಳಗೆ ಗಂಟು ಕಟ್ಟುವ ಟೌ ಎಂಬ ಇನ್ನೊಂದು ಪ್ರೋಟೀನನ್ನು ನೋಡಲು, ಟೌ ಪೆಟ್ ಸ್ಕ್ಯಾನ್ ಕೂಡ ಮಾಡಿಸಿತು. ಪ್ರಕರಣದ ಮೊದಲ ತಿರುವು ಅದೇ.

ಟೌ ಎಂಟೊರೈನಲ್ ಭಾಗದಲ್ಲಷ್ಟೇ ಇರಬಹುದು ಎಂದುಕೊಂಡಿದ್ದೆವು. ಅದು ಆಗಲೇ ಕಿವಿಯ ಬಳಿಯ ಟೆಂಪೊರಲ್ ಹಾಲೆಯ ಹೊರಮೈಗೂ, ಹಿಂದಿನ ಪರೈಟಲ್ ಭಾಗಕ್ಕೂ ಹಬ್ಬಿತ್ತು. ಲಕ್ಷಣ ಸೌಮ್ಯವಾಗಿತ್ತು, ಟೌ ಮಾತ್ರ ಬಹಳ ಮುಂದೆ ಹೋಗಿತ್ತು. ಓದು, ಲೆಕ್ಕದ ಅಭ್ಯಾಸ ಜಾಸ್ತಿ ಇರುವವರಲ್ಲಿ ಹೀಗಾಗುವುದುಂಟು. ಮೆದುಳು ಒಳಗೊಳಗೇ ನಷ್ಟವನ್ನು ನಿಭಾಯಿಸುತ್ತಿರುತ್ತದೆ, ಹೊರಗೆ ತಡವಾಗಿ ಗೊತ್ತಾಗುತ್ತದೆ.

ಈಗ ಪ್ರಶ್ನೆ: ಅಮಿಲಾಯ್ಡ್ ತೆಗೆಯುವ ಔಷಧಿ ಶುರು ಮಾಡಬೇಕೇ?

ತಂಡದಲ್ಲಿ ಎರಡು ಅಭಿಪ್ರಾಯ ಇತ್ತು. ಎರಡೂ ನರಕೋಶದ ಒಳಗೆ ನಡೆಯುವುದನ್ನೇ ಆಧಾರ ಮಾಡಿಕೊಂಡಿದ್ದವು. ಅದಕ್ಕೇ ಅವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶುರು ಮಾಡೋಣ ಎಂದವರ ವಾದ ಹೀಗಿತ್ತು. ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಪ್ರೋಟೀನ್ ಇದೆ. ಬೀಟಾ ಸೆಕ್ರಿಟೇಸ್, ಗಾಮಾ ಸೆಕ್ರಿಟೇಸ್ ಎಂಬ ಎರಡು ಕಿಣ್ವಗಳು ಅದನ್ನು ಒಂದಾದ ಮೇಲೆ ಒಂದು ಕತ್ತರಿಸಿದಾಗ ಅಮಿಲಾಯ್ಡ್ ಬೀಟಾ ಎಂಬ ಚೂರು ಉಳಿಯುತ್ತದೆ. ಹೆಚ್ಚಿನವು 40 ಅಮೈನೊ ಆಮ್ಲದ ಚೂರುಗಳು. 42ರ ಚೂರು ಕಡಿಮೆ, ಆದರೆ ಅದೇ ಜಾಸ್ತಿ ಅಂಟು. ಎಪಿಪಿಯಲ್ಲಿ ಅಥವಾ ಗಾಮಾ ಸೆಕ್ರಿಟೇಸ್‌ನ ಭಾಗವಾದ ಪ್ರಿಸೆನಿಲಿನ್‌ನಲ್ಲಿ ಕೆಲವು ರೂಪಾಂತರಗಳಿದ್ದರೆ ಚಿಕ್ಕ ವಯಸ್ಸಿಗೇ ಆಲ್ಜೈಮರ್ ಬರುತ್ತದೆ. ಎಪಿಪಿ ಜೀನ್ ಇರುವುದು 21ನೇ ಕ್ರೋಮೊಸೋಮ್‌ನಲ್ಲಿ. ಅದರ ಮೂರು ಪ್ರತಿ ಇರುವ ಡೌನ್ ಸಿಂಡ್ರೋಮ್‌ನವರಿಗೆ ಈ ರೋಗ ಬೇಗ ಬರುತ್ತದೆ. 2012ರಲ್ಲಿ ಐಸ್‌ಲ್ಯಾಂಡ್‌ನಲ್ಲಿ ಇದಕ್ಕೆ ಉಲ್ಟಾ ಉದಾಹರಣೆ ಸಿಕ್ಕಿತು. ಅಲ್ಲಿ ಕಂಡ ಎಪಿಪಿ ರೂಪಾಂತರದಲ್ಲಿ ಅಮಿಲಾಯ್ಡ್ ಕಡಿಮೆ ತಯಾರಾಗುತ್ತದೆ, ಅದಿದ್ದವರಿಗೆ ರೋಗದ ಅಪಾಯವೂ ಕಡಿಮೆ. ಹಾಗಾಗಿ ಮೂಲ ಅಮಿಲಾಯ್ಡ್, ಮೂಲಕ್ಕೇ ಕೈ ಹಾಕಬೇಕು ಎಂಬುದು ಅವರ ಮಾತು.

ಇನ್ನೊಂದು ಗುಂಪು ಇದನ್ನು ಅಲ್ಲಗಳೆಯಲಿಲ್ಲ. ಮೂಲ ಅದೇ ಇರಬಹುದು, ಆದರೆ ನರಕೋಶವನ್ನು ಕೊಲ್ಲುವ ಕೆಲಸ ಈಗ ಬೇರೆ ಕಡೆ ನಡೆಯುತ್ತಿದೆ ಎಂದರು.

ಟೌ ಕೆಟ್ಟ ಪ್ರೋಟೀನ್ ಏನಲ್ಲ. ನರಕೋಶದ ಉದ್ದ ಬಾಲದೊಳಗೆ ಸಾಮಾನು ಸಾಗಿಸಲು ಸೂಕ್ಷ್ಮ ಕೊಳವೆಗಳಿವೆ. ಅವು ಕಳಚಿಕೊಳ್ಳದಂತೆ ಹಿಡಿದಿಡುವುದು ಟೌ ಕೆಲಸ. ಅಮಿಲಾಯ್ಡ್ ಬೀಟಾದ ಚಿಕ್ಕ ಗುಂಪುಗಳು, ಅಂದರೆ ಒಲಿಗೊಮರ್‌ಗಳು, ಎರಡು ನರಕೋಶಗಳು ಕೂಡುವ ಜಾಗವಾದ ಸಿನಾಪ್ಸ್‌ಗೆ ಅಂಟಿಕೊಂಡಾಗ ಗ್ಲುಟಮೇಟ್ ಸಂಕೇತದ ಲೆಕ್ಕ ತಪ್ಪುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಬೇಡದ ಹೊತ್ತಿಗೆ ನುಗ್ಗುತ್ತದೆ. ಆ ಕ್ಯಾಲ್ಸಿಯಂ ಕ್ಯಾಲ್ಪೈನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ಸಿಡಿಕೆ5 ಎಂಬ ಇನ್ನೊಂದು ಕಿಣ್ವವನ್ನು ಅಂಕೆ ಮೀರುವ ಹಾಗೆ ಮಾಡುತ್ತದೆ. ಜಿಎಸ್‌ಕೆ-3 ಬೀಟಾ ಕೂಡ ಜೊತೆಗೆ ಸೇರುತ್ತದೆ. ಇವೆಲ್ಲ ಟೌ ಮೇಲೆ ಫಾಸ್ಫೇಟ್ ಹೇರುತ್ತವೆ. ಭಾರವಾದ ಟೌ ಕೊಳವೆಯನ್ನು ಬಿಟ್ಟು ಹೊರಬಂದು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತದೆ. ಸಾಗಣೆ ನಿಲ್ಲುತ್ತದೆ. ದೂರದ ಸಿನಾಪ್ಸ್‌ಗೆ ಮೈಟೊಕಾಂಡ್ರಿಯ ತಲುಪುವುದಿಲ್ಲ, ಶಕ್ತಿ ಇಲ್ಲದೆ ಸಿನಾಪ್ಸ್ ಸೊರಗುತ್ತದೆ.

ಇದರಲ್ಲಿ ಟೌ ಎಷ್ಟು ಮುಖ್ಯ? 2007ರಲ್ಲಿ ಇಲಿಗಳಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಮೆದುಳಿನ ತುಂಬ ಅಮಿಲಾಯ್ಡ್ ಇರುವ ಇಲಿಗಳಲ್ಲಿ ಟೌ ಜೀನ್ ತೆಗೆದರು ಅಥವಾ ಅರ್ಧಕ್ಕೆ ಇಳಿಸಿದರು. ಅಮಿಲಾಯ್ಡ್ ಹಾಗೇ ಇತ್ತು, ಆದರೆ ಇಲಿಗಳ ಕಲಿಕೆ, ನೆನಪು ಕೆಡಲಿಲ್ಲ. ಮನುಷ್ಯರಲ್ಲೂ ಇದಕ್ಕೆ ಹೋಲುವ ಒಂದು ಉದಾಹರಣೆ ಇದೆ. ಕೊಲಂಬಿಯಾದ ಒಂದು ದೊಡ್ಡ ಕುಟುಂಬದಲ್ಲಿ ಪ್ರಿಸೆನಿಲಿನ್ ರೂಪಾಂತರ ಇದ್ದವರಿಗೆ ನಲವತ್ತರ ಆಸುಪಾಸಿನಲ್ಲೇ ಮರೆವು ಶುರುವಾಗುತ್ತದೆ. ಅದೇ ರೂಪಾಂತರ ಇದ್ದ ಒಬ್ಬ ಮಹಿಳೆಗೆ ಎಪ್ಪತ್ತರ ತನಕ ಏನೂ ಆಗಿರಲಿಲ್ಲ. ಅವರ ಮೆದುಳಲ್ಲಿ ಅಮಿಲಾಯ್ಡ್ ಬೆಟ್ಟದಷ್ಟಿತ್ತು, ಟೌ ಮಾತ್ರ ಬಹಳ ಕಡಿಮೆ. ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ಅಪೋಇ ರೂಪದ ಎರಡು ಪ್ರತಿ ಅವರಲ್ಲಿತ್ತು. ಇದು 2019ರಲ್ಲಿ ಪ್ರಕಟವಾಯಿತು.

ಎರಡನೇ ಗುಂಪಿನ ಕೈಯಲ್ಲಿ ಒಂದು ಕಠಿಣ ಅಂಕಿಯೂ ಇತ್ತು. ಡೊನಾನೆಮ್ಯಾಬ್ ಎಂಬ ಇನ್ನೊಂದು ಅಮಿಲಾಯ್ಡ್ ಔಷಧಿಯ ಪ್ರಯೋಗದಲ್ಲಿ ರೋಗಿಗಳನ್ನು ಟೌ ಪ್ರಮಾಣದ ಮೇಲೆ ವಿಂಗಡಿಸಿದ್ದರು. ಟೌ ಕಡಿಮೆ ಅಥವಾ ಮಧ್ಯಮ ಇದ್ದವರಲ್ಲಿ ಕುಸಿತ ಸುಮಾರು 35% ನಿಧಾನವಾಯಿತು. ಟೌ ಜಾಸ್ತಿ ಇದ್ದವರನ್ನೂ ಸೇರಿಸಿ ನೋಡಿದರೆ ಸುಮಾರು 22%.

ನಮ್ಮ ರೋಗಿ ಮಧ್ಯಮದ ಮೇಲಂಚಿನಲ್ಲಿದ್ದರು. ಎರಡೂ ಕಡೆಯವರಿಗೆ ಅನುಕೂಲವಾಗುವಂಥ ಜಾಗ!

ಮಗಳಿಗೂ ರೋಗಿಗೂ ಎಲ್ಲ ಹೇಳಿದೆವು. ಲೆಕಾನೆಮ್ಯಾಬ್‌ನ ಮುಖ್ಯ ಪ್ರಯೋಗದಲ್ಲಿ 1,795 ಜನರಿದ್ದರು. 18 ತಿಂಗಳಲ್ಲಿ ಕುಸಿತ 27% ನಿಧಾನವಾಯಿತು. ಮರೆಗುಳಿತನದ ತೀವ್ರತೆ ಅಳೆಯುವ 18 ಅಂಕದ ಅಳತೆಯಲ್ಲಿ ಅದು 0.45ರ ವ್ಯತ್ಯಾಸ. ಈ ಎರಡನೆಯ ಸಂಖ್ಯೆಯನ್ನು ಹೇಳದೆ ಮೊದಲನೆಯದನ್ನಷ್ಟೇ ಹೇಳುವುದು ನನಗೆ ಸರಿ ಕಾಣುವುದಿಲ್ಲ. ರೋಗಿ ತಾವೇ ಕಾಗದದ ಮೇಲೆ ಭಾಗಾಕಾರ ಮಾಡಿ ನೋಡಿದರು. "ಲಾಭ ಸಣ್ಣದು, ಆದರೆ ಲಾಭವೇ" ಎಂದರು. ಶುರು ಮಾಡಿದೆವು.

ಏನು ಮಾಡಿದೆವು

ಎರಡು ವಾರಕ್ಕೊಮ್ಮೆ ಡ್ರಿಪ್. ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ. ನಡುನಡುವೆ ಎಂಆರ್‌ಐ ಕಡ್ಡಾಯ.

ಏಳನೇ ಡ್ರಿಪ್‌ಗೆ ಮುಂಚಿನ ಎಂಆರ್‌ಐನಲ್ಲಿ ಮೆದುಳಿನ ಹಿಂಭಾಗದಲ್ಲಿ ಊತ ಕಂಡಿತು. ಕೇಳಿದಾಗ "ಹೌದು, ಒಂದು ವಾರದಿಂದ ಸಣ್ಣ ತಲೆನೋವು" ಎಂದರು. ಈ ಗುಂಪಿನ ಔಷಧಿಗಳ ಗೊತ್ತಿರುವ ತೊಂದರೆ ಇದು, ಎಆರ್‌ಐಎ-ಇ ಎನ್ನುತ್ತಾರೆ. ಅಮಿಲಾಯ್ಡ್ ಮೆದುಳಿನ ರಕ್ತನಾಳದ ಗೋಡೆಯಲ್ಲೂ ಕೂತಿರುತ್ತದೆ. ಪ್ರತಿಕಾಯ ಅಲ್ಲಿಗೂ ಹೋಗಿ ಅದನ್ನು ಕೀಳುವಾಗ ಗೋಡೆ ಸೋರುತ್ತದೆ. ಪ್ರಯೋಗದಲ್ಲಿ ಇ4 ಇಲ್ಲದವರಲ್ಲಿ 5.4% ಜನಕ್ಕೆ, ಒಂದು ಪ್ರತಿ ಇದ್ದವರಲ್ಲಿ 10.9% ಜನಕ್ಕೆ, ಎರಡು ಪ್ರತಿ ಇದ್ದವರಲ್ಲಿ 32.6% ಜನಕ್ಕೆ ಹೀಗಾಗಿತ್ತು. ಜೀನ್ ಪರೀಕ್ಷೆಯನ್ನು ಮೊದಲೇ ಮಾಡಿಸುವುದು ಇದಕ್ಕೇ.

ಡ್ರಿಪ್ ನಿಲ್ಲಿಸಿದೆವು. ಊತ ಪೂರ್ತಿ ಇಳಿದದ್ದು ಎಂಆರ್‌ಐನಲ್ಲಿ ಖಚಿತವಾದ ಮೇಲೆ ಮತ್ತೆ ಶುರು ಮಾಡಿದೆವು. ಮಗಳಿಗೆ ಹಿಂಜರಿಕೆ ಇತ್ತು. ರೋಗಿ ಪಟ್ಟು ಹಿಡಿದರು. ಆಮೇಲೆ ಊತ ಮರಳಲಿಲ್ಲ.

ಏನಾಯಿತು

ನಡುವಿನ ವಿರಾಮವೂ ಸೇರಿ ಎರಡು ವರ್ಷ ಕಳೆಯುವ ಹೊತ್ತಿಗೆ ಅಮಿಲಾಯ್ಡ್ ಪೆಟ್ 14 ಸೆಂಟಿಲಾಯ್ಡ್ ತೋರಿಸಿತು. ಸ್ಕ್ಯಾನ್ ಓದಿದವರು ಅದನ್ನು ಅಮಿಲಾಯ್ಡ್ ಇಲ್ಲ ಎಂದೇ ಬರೆದರು. ರಕ್ತದಲ್ಲಿ ಪಿ-ಟೌ217 ಕೂಡ ಇಳಿದಿತ್ತು. ಮಗಳು ವರದಿ ನೋಡಿ ಖುಷಿಪಟ್ಟರು.

ಎಂಎಂಎಸ್ಇ 24ರಿಂದ 18ಕ್ಕೆ ಬಂದಿತ್ತು. ಲೆಕ್ಕ ಹೋಗಿತ್ತು. ಪರಿಚಿತ ದಾರಿಯೂ ತಪ್ಪತೊಡಗಿತ್ತು. ಟೌ ಪೆಟ್‌ನಲ್ಲಿ ಬಣ್ಣ ಮುಂದಿನ ಫ್ರಾಂಟಲ್ ಹಾಲೆಗೂ ಹರಡಿತ್ತು. ನರಕೋಶದ ಬಾಲ ಮುರಿದಾಗ ರಕ್ತಕ್ಕೆ ಸೇರುವ ನ್ಯೂರೊಫಿಲಮೆಂಟ್ ಲೈಟ್ ಏರುತ್ತಲೇ ಇತ್ತು.

ಮಗಳು ಕೇಳಿದ್ದು ನೇರ ಪ್ರಶ್ನೆ: "ಡಾಕ್ಟ್ರೇ, ಕಳೆಯೆಲ್ಲ ಕಿತ್ತಾಯ್ತು ಅಂತೀರಿ. ಹಾಗಿದ್ರೆ ಪೈರು ಯಾಕೆ ಒಣಗ್ತಾ ಇದೆ?"

ಮೊದಲು ಪಿ-ಟೌ217 ಬಗ್ಗೆ ಹೇಳಬೇಕಾಯಿತು. ಅದರ ಹೆಸರಿನಲ್ಲಿ ಟೌ ಇದ್ದರೂ ಅದು ಹೆಚ್ಚಾಗಿ ಅಮಿಲಾಯ್ಡ್ ಜೊತೆಗೇ ಏರಿಳಿಯುತ್ತದೆ. ಅದು ಇಳಿದರೆ ಟೌ ಗಂಟುಗಳು ಕರಗಿದವು ಎಂದಲ್ಲ. ಎಂಆರ್‌ಐನಲ್ಲಿ ಮೆದುಳಿನ ಗಾತ್ರ ನೋಡಿ ಹೇಳೋಣ ಎಂದರೆ ಅದೂ ಕಷ್ಟ. ಈ ಔಷಧಿ ಪಡೆದವರಲ್ಲಿ ಮೆದುಳು ಪ್ಲಾಸಿಬೊ, ಅಂದರೆ ಔಷಧಿ ಇಲ್ಲದ ಹುಸಿ ಡ್ರಿಪ್, ಪಡೆದವರಿಗಿಂತ ಜಾಸ್ತಿ ಕುಗ್ಗಿದ ಹಾಗೆ ಕಾಣುವುದು ಪ್ರಯೋಗಗಳಲ್ಲೇ ದಾಖಲಾಗಿದೆ. ಅದರ ಅರ್ಥ ಏನು ಎಂಬುದರ ಬಗ್ಗೆ ಇನ್ನೂ ವಾದ ನಡೆದಿದೆ. ಹಾಗಾಗಿ ಕುಗ್ಗಿದ ಗಾತ್ರವನ್ನು ಸಾವಿನ ಲೆಕ್ಕವಾಗಿ ಹಿಡಿಯಲಿಲ್ಲ. ನಾವು ನಂಬಿದ್ದು ಟೌ ಪೆಟ್, ನ್ಯೂರೊಫಿಲಮೆಂಟ್ ಮತ್ತು ರೋಗಿಯ ದಿನಚರಿಯನ್ನು.

ಕೋಶದೊಳಗಿನ ಕಥೆ

ಅಮಿಲಾಯ್ಡ್ ಹೋದರೂ ರೋಗ ಮುಂದುವರಿದದ್ದು ಇದೇ ಮೊದಲಲ್ಲ. ಅಮಿಲಾಯ್ಡ್ ವಿರುದ್ಧದ ಮೊದಲ ಲಸಿಕೆ ಎಎನ್1792. ಕೆಲವರಿಗೆ ಮೆದುಳಿನ ಉರಿಯೂತ ಬಂದದ್ದರಿಂದ 2002ರಲ್ಲಿ ಅದರ ಪ್ರಯೋಗ ನಿಲ್ಲಿಸಿದರು. ಲಸಿಕೆ ಪಡೆದವರನ್ನು ವರ್ಷಗಟ್ಟಲೆ ಗಮನಿಸಿ, ತೀರಿಕೊಂಡ ಕೆಲವರ ಮೆದುಳು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಅಮಿಲಾಯ್ಡ್ ಹೆಚ್ಚುಕಡಿಮೆ ಪೂರ್ತಿ ತೊಲಗಿದ್ದವರೂ ತೀವ್ರ ಮರೆಗುಳಿತನದಲ್ಲೇ ಕೊನೆಯುಸಿರೆಳೆದಿದ್ದರು.

ಯಾಕೆ ಹೀಗೆ? ಒಂದೇ ಉತ್ತರ ಇಲ್ಲ. ಈ ರೋಗಿಗೆ ಹೊಂದುವ ಕೆಲವು ಕಾರಣ ಹೇಳಬಹುದು.

ಟೌ ತಾನಾಗಿ ಹರಡುತ್ತದೆ. 2012ರಲ್ಲಿ ಎರಡು ತಂಡಗಳು ಇಲಿಗಳ ಎಂಟೊರೈನಲ್ ಭಾಗದಲ್ಲಿ ಮಾತ್ರ ಮನುಷ್ಯರ ಟೌ ತಯಾರಾಗುವಂತೆ ಮಾಡಿ ಕಾದವು. ಟೌ ಅಲ್ಲೇ ಉಳಿಯಲಿಲ್ಲ, ಸಿನಾಪ್ಸ್ ದಾಟಿ ಪಕ್ಕದ ಭಾಗಗಳ ಕೋಶಗಳಿಗೂ ಹೋಯಿತು. ಕೆಟ್ಟ ಆಕಾರದ ಟೌ ಹೊಸ ಕೋಶದಲ್ಲಿರುವ ಒಳ್ಳೆಯ ಟೌವನ್ನೂ ತನ್ನ ಆಕಾರಕ್ಕೆ ಎಳೆಯುತ್ತದೆ. ಒಮ್ಮೆ ಈ ಸರಣಿ ಶುರುವಾದರೆ ಅದಕ್ಕೆ ಹೊರಗಿನ ಅಮಿಲಾಯ್ಡ್‌ನ ಒತ್ತಾಸೆ ಎಷ್ಟು ಬೇಕು ಎಂಬುದೇ ಪ್ರಶ್ನೆ. ನಮ್ಮ ರೋಗಿಯ ಎರಡು ಟೌ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನೋಡಿದರೆ, ಅಮಿಲಾಯ್ಡ್ ಇಳಿಯುತ್ತಿದ್ದ ಅವಧಿಯಲ್ಲೇ ಟೌ ಮುಂದೆ ಹೋದದ್ದು ಸ್ಪಷ್ಟ.

ಎರಡನೆಯದು ಕೋಶದ ಕಸ ವಿಲೇವಾರಿ. ಹಳೆಯ ಪ್ರೋಟೀನ್, ಸವೆದ ಮೈಟೊಕಾಂಡ್ರಿಯ ಎಲ್ಲ ಲೈಸೊಸೋಮ್‌ಗೆ ಹೋಗಿ ಅಲ್ಲಿನ ಆಮ್ಲದಲ್ಲಿ ಕರಗಬೇಕು. 2022ರಲ್ಲಿ ಅಮಿಲಾಯ್ಡ್ ಇಲಿಗಳ ಮೆದುಳಲ್ಲಿ ಕಂಡದ್ದೇನೆಂದರೆ, ಹೊರಗೆ ಅಮಿಲಾಯ್ಡ್ ಗಡ್ಡೆ ಕಟ್ಟುವುದಕ್ಕೂ ಮುಂಚೆಯೇ ಲೈಸೊಸೋಮ್‌ಗಳ ಆಮ್ಲತೆ ಕುಂದಿತ್ತು. ಕರಗದ ಚೀಲಗಳು ಕೇಂದ್ರದ ಸುತ್ತ ದಳಗಳ ಹಾಗೆ ಉಬ್ಬಿದ್ದವು. ಸಂಶೋಧಕರು ಅದಕ್ಕೆ ವಿಷದ ಹೂವು ಎಂಬರ್ಥದ ಪ್ಯಾಂಥೋಸ್ ಎಂಬ ಹೆಸರಿಟ್ಟರು. ಹೊರಗೆ ಕಾಣುವ ಎಷ್ಟೋ ಗಡ್ಡೆಗಳು ಇಂಥ ಕೋಶ ಒಡೆದು ಉಳಿದ ಅವಶೇಷ ಎಂಬುದು ಅವರ ವಾದ. ಇದು ಮನುಷ್ಯರಲ್ಲೂ ಅಷ್ಟೇ ನಿಜವಾದರೆ, ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುವ ಹೊತ್ತಿಗೆ ಕೋಶದೊಳಗಿನ ಕೆಲಸ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ.

ಮೂರನೆಯದು ಮೈಕ್ರೊಗ್ಲಿಯಾ, ಮೆದುಳಿನ ಸ್ವಂತ ರಕ್ಷಣಾ ಕೋಶಗಳು. ಟ್ರೆಮ್2 ಎಂಬ ಗ್ರಾಹಕದ ಮೂಲಕ ಅವು ಅಮಿಲಾಯ್ಡ್ ಸುತ್ತ ಸೇರಿ ಅದನ್ನು ಬಿಗಿಯಾಗಿ ಹಿಡಿದಿಡುತ್ತವೆ. ಆ ಗ್ರಾಹಕ ದುರ್ಬಲವಾಗುವ ರೂಪಾಂತರ ಇದ್ದವರಿಗೆ ರೋಗದ ಅಪಾಯ ಜಾಸ್ತಿ. ಪ್ರತಿಕಾಯ ಔಷಧಿ ಕೂಡ ಕೊನೆಗೆ ಇದೇ ಕೋಶಗಳ ಕೈಯಲ್ಲೇ ಅಮಿಲಾಯ್ಡ್ ತಿನ್ನಿಸುತ್ತದೆ. ಆದರೆ ಇವೇ ಕೋಶಗಳು ಸಿನಾಪ್ಸ್‌ಗಳನ್ನೂ ತಿನ್ನುತ್ತವೆ. ಸಿ1ಕ್ಯು, ಸಿ3 ಎಂಬ ಪ್ರೋಟೀನ್‌ಗಳು ಸಿನಾಪ್ಸ್ ಮೇಲೆ ಗುರುತು ಹಾಕುತ್ತವೆ, ಮೈಕ್ರೊಗ್ಲಿಯಾ ಬಂದು ನುಂಗುತ್ತದೆ. ಇದು ಇಲಿಗಳಲ್ಲಿ 2016ರಲ್ಲಿ ಕಂಡದ್ದು. ನೆನಪಿನ ಕುಸಿತಕ್ಕೆ ಅಮಿಲಾಯ್ಡ್ ಗಡ್ಡೆಗಳ ಎಣಿಕೆಗಿಂತ ಸಿನಾಪ್ಸ್‌ಗಳ ನಷ್ಟವೇ ಹತ್ತಿರದ ಹೊಂದಿಕೆ ಎಂಬುದು 1991ರಿಂದಲೂ ಗೊತ್ತು. ಕಳೆದುಹೋದ ಸಿನಾಪ್ಸನ್ನು ಯಾವ ಡ್ರಿಪ್ಪೂ ಮರಳಿ ಕೊಡುವುದಿಲ್ಲ.

ಕೊನೆಗೆ ಕೋಶ ಸಾಯುವುದು ಹೇಗೆ? ಇದಕ್ಕೆ 2023ರ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಅಮಿಲಾಯ್ಡ್ ಇರುವ ಇಲಿಗಳ ಮೆದುಳಿಗೆ ಮನುಷ್ಯರ ನರಕೋಶಗಳನ್ನು ನೆಟ್ಟರು. ಇಲಿಯ ಸ್ವಂತ ನರಕೋಶಗಳು ಉಳಿದವು, ಮನುಷ್ಯರವು ಟೌ ಗಂಟು ಕಟ್ಟಿಕೊಂಡು ಸತ್ತವು. ಸಾಯುವ ಕೋಶಗಳಲ್ಲಿ ಎಂಇಜಿ3 ಎಂಬ ಆರ್‌ಎನ್‌ಎ ವಿಪರೀತ ಏರಿತ್ತು. ಅದು ನೆಕ್ರಾಪ್ಟೋಸಿಸ್ ಎಂಬ ಸಾವಿನ ದಾರಿಯನ್ನು ತೆರೆಯುತ್ತಿತ್ತು. ಇದರಲ್ಲಿ ಆರ್‌ಐಪಿಕೆ1, ಆರ್‌ಐಪಿಕೆ3, ಎಂಎಲ್‌ಕೆಎಲ್ ಎಂಬ ಪ್ರೋಟೀನ್‌ಗಳು ಸರದಿಯಲ್ಲಿ ಎಚ್ಚರಗೊಂಡು ಕೊನೆಗೆ ಕೋಶದ ಪೊರೆಯನ್ನೇ ತೂತು ಮಾಡುತ್ತವೆ. ಈ ದಾರಿಯನ್ನು ತಡೆದಾಗ ಮನುಷ್ಯರ ಕೋಶಗಳು ಬದುಕಿದವು. ಗಮನಿಸಿ, ಅಲ್ಲಿ ಅಮಿಲಾಯ್ಡ್ ತೆಗೆದಿರಲಿಲ್ಲ. ಇಲಿಗಳಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಸೋತದ್ದು ಯಾಕೆ ಎಂಬುದಕ್ಕೂ ಇದರಲ್ಲಿ ಸ್ವಲ್ಪ ಉತ್ತರ ಇದೆ, ಅಲ್ವಾ? ಆ ಪ್ರಯೋಗದಲ್ಲಿ ಇಲಿಯ ಸ್ವಂತ ಕೋಶಗಳು ಈ ದಾರಿ ಹಿಡಿಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ರೋಗಿಯ ಕೋಶದೊಳಗೆ ಇವುಗಳಲ್ಲಿ ಯಾವುದು ಎಷ್ಟು ನಡೆಯಿತು ಎಂದು ಯಾವ ಸ್ಕ್ಯಾನೂ ಹೇಳಲಿಲ್ಲ. ವಯಸ್ಸಾದವರಲ್ಲಿ ಆಲ್ಜೈಮರ್ ಜೊತೆಗೆ ಇನ್ನೊಂದು ರೋಗ ಸೇರಿರುವುದೂ ಸಾಮಾನ್ಯ. ಮರೆಗುಳಿತನ ತರುವ ಇನ್ನೊಂದು ರೋಗವಾದ ಲೂಯಿ ಬಾಡಿಯ ಲಕ್ಷಣ ಇವರಲ್ಲಿ ಇರಲಿಲ್ಲ, ರಕ್ತನಾಳದ ಹಾನಿಯೂ ಕಡಿಮೆ. ಟಿಡಿಪಿ-43 ಎಂಬ ಪ್ರೋಟೀನ್‌ನ ಕಾಟ ಇತ್ತೇ ಎಂದು ಬದುಕಿರುವವರಲ್ಲಿ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಟೌ ಚಿತ್ರ ರೋಗಲಕ್ಷಣಕ್ಕೆ ಚೆನ್ನಾಗಿ ಹೊಂದಿದ್ದರಿಂದ ಅದನ್ನೇ ಮುಖ್ಯ ಕಾರಣ ಎಂದು ಹಿಡಿದೆವು.

ಔಷಧಿ ಕೆಲಸ ಮಾಡಲಿಲ್ಲ ಎಂದೂ ಹೇಳಲಾಗದು. ಕೊಡದಿದ್ದರೆ 18ರ ಬದಲು 16 ಇರುತ್ತಿತ್ತೇನೋ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ 27% ಒಬ್ಬರಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ರೋಗಿಯನ್ನು ತೋರಿಸಿ "ನೋಡಿ, ಗುಣವಾಯಿತು" ಎನ್ನುವವರಿಗೂ ಇದೇ ಮಾತು.

ಆಮೇಲಿನ ನಿರ್ಧಾರ

ಡ್ರಿಪ್ ಮುಂದುವರಿಸುವುದೋ ನಿಲ್ಲಿಸುವುದೋ? ಇದು ಕೊನೆಯ ತಿರುವು. ಮುಂದುವರಿಸಲು ಒಂದು ಕಾರಣ ಇತ್ತು: ಬಿಟ್ಟರೆ ಅಮಿಲಾಯ್ಡ್ ನಿಧಾನವಾಗಿ ಮತ್ತೆ ಸೇರುತ್ತದೆ. ನಿಲ್ಲಿಸಲು ಹೆಚ್ಚು ಕಾರಣಗಳಿದ್ದವು. ರೋಗ ಔಷಧಿಯ ಪ್ರಯೋಗ ನಡೆದ ಹಂತವನ್ನು ದಾಟಿತ್ತು. ಪ್ರತಿ ಭೇಟಿಯ ಮುನ್ನಾದಿನ ಅವರು ಕಂಗಾಲಾಗುತ್ತಿದ್ದರು. ಸೂಜಿ ಯಾಕೆ ಎಂಬುದು ಅವರಿಗೆ ಈಗ ನೆನಪಿರುತ್ತಿರಲಿಲ್ಲ. ಒಪ್ಪಿಗೆ ಕೊಟ್ಟವರಿಗೇ ಒಪ್ಪಿಗೆ ನೆನಪಿಲ್ಲದಿದ್ದಾಗ ಚಿಕಿತ್ಸೆಯ ಲೆಕ್ಕ ಬೇರೆಯಾಗುತ್ತದೆ. ಈ ಮಾತು ತಂಡದ ನರ್ಸ್ ಎತ್ತಿದ್ದು, ವೈದ್ಯರಲ್ಲ.

ನಿಲ್ಲಿಸಿದೆವು. ಮರೆವಿನ ಲಕ್ಷಣಕ್ಕೆ ಮೊದಲೇ ಕೊಡುತ್ತಿದ್ದ ಡೊನೆಪೆಜಿಲ್ ಮಾತ್ರೆ ಮುಂದುವರಿಯಿತು, ಅಂಥದೇ ಇನ್ನೊಂದು ಮಾತ್ರೆ ಮೆಮಾಂಟಿನ್ ಸೇರಿಸಿದೆವು. ಕಿವಿ ಮಂದವಾಗಿತ್ತು, ಶ್ರವಣ ಸಾಧನ ಹಾಕಿಸಿದ ಮೇಲೆ ಮನೆಯಲ್ಲಿ ಜಗಳ ಕಡಿಮೆಯಾಯಿತು. ಈ ಇಡೀ ಪ್ರಕರಣದಲ್ಲಿ ಮನೆಯವರು ತಾವಾಗಿ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದು ಅದೊಂದಕ್ಕೇ.

ನಮ್ಮ ಕೆಲಸದಲ್ಲಿ ಬದಲಾದದ್ದು ಎರಡು ವಿಷಯ. ಅಮಿಲಾಯ್ಡ್ ಇದೆ ಎಂದು ಗೊತ್ತಾದ ತಕ್ಷಣ ಔಷಧಿಯ ಮಾತು ಎತ್ತುವುದಿಲ್ಲ, ಟೌ ಎಲ್ಲಿಯ ತನಕ ಹೋಗಿದೆ ಎಂಬುದನ್ನು ನೋಡಿ ಆಮೇಲೆ ಮಾತಾಡುತ್ತೇವೆ. ಚಿಕಿತ್ಸೆ ಶುರು ಮಾಡುವ ದಿನವೇ ಯಾವಾಗ ನಿಲ್ಲಿಸುತ್ತೇವೆ ಎಂಬುದನ್ನೂ ರೋಗಿಯ ಜೊತೆ ಕೂತು ಬರೆದಿಡುತ್ತೇವೆ. ಆಗ ನಿರ್ಧಾರ ಅವರದೇ ಆಗಿರುತ್ತದೆ.

ರೋಗಿಯ ತಮ್ಮನಿಗೆ ಅರವತ್ತರ ಆಸುಪಾಸು. ಮರೆವಿನ ಲಕ್ಷಣ ಏನೂ ಇಲ್ಲ. ಅಕ್ಕನ ಸ್ಕ್ಯಾನ್‌ಗಳನ್ನೂ ಪಿ-ಟೌ217 ವರದಿಯನ್ನೂ ನೋಡಿ "ನನಗೂ ಆ ರಕ್ತಪರೀಕ್ಷೆ ಮಾಡಿ" ಎಂದು ಬಂದರು. ಅಮಿಲಾಯ್ಡ್ ಲಕ್ಷಣಕ್ಕಿಂತ 15–20 ವರ್ಷ ಮುಂಚೆ ಸೇರತೊಡಗುತ್ತದೆ, ಟೌ ಹರಡುವ ಮುಂಚೆ ಅದನ್ನು ತೆಗೆಯುವುದೇ ಸರಿ ಎಂಬ ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಲಕ್ಷಣ ಇಲ್ಲದವರಲ್ಲಿ ಇದನ್ನೇ ಪರೀಕ್ಷಿಸಲು ಲೆಕಾನೆಮ್ಯಾಬ್‌ಗೂ ಡೊನಾನೆಮ್ಯಾಬ್‌ಗೂ ಬೇರೆ ಬೇರೆ ಪ್ರಯೋಗಗಳು ಶುರುವಾಗಿವೆ. ಅಂಥ ಪ್ರಯೋಗದ ಹೊರಗೆ, ಲಕ್ಷಣ ಇಲ್ಲದವರಿಗೆ ಸುಮ್ನೆ ಪರೀಕ್ಷೆ ಮಾಡಿ ಫಲಿತಾಂಶ ಕೈಗಿಡುವುದನ್ನು ನಾವು ಮಾಡುವುದಿಲ್ಲ ಎಂದು ಹೇಳಿದೆವು. ಅವರ ರಕ್ತದೊತ್ತಡ ಜಾಸ್ತಿ ಇತ್ತು, ಮಾತ್ರೆ ಅರ್ಧಕ್ಕೇ ಬಿಟ್ಟಿದ್ದರು. ಅದನ್ನು ಮತ್ತೆ ಶುರು ಮಾಡಲು ಒಪ್ಪಿದರು. ಪ್ರಯೋಗಕ್ಕೆ ಸೇರುವುದರ ಬಗ್ಗೆ ಹೆಂಡತಿಯ ಹತ್ತಿರ ಮಾತಾಡಿ ಹೇಳುತ್ತೇನೆ ಎಂದು ಅರ್ಜಿಯನ್ನು ತೆಗೆದುಕೊಂಡು ಹೋದರು.